ಅಮಿನ್‌ದಿವಿ ದ್ವೀಪಗಳ ಆರೋಗ್ಯ ಶಿಬಿರಕ್ಕೆ ಸ್ವಯಂಸೇವಕರಾಗಿ ಹೋಗುವ ಮುನ್ನ

ಸೀತಾಂಗೋಳಿಯ ಫಾರ್ಮಸಿಸ್ಟ್:

ಎಲ್ಲರಿಗೂ ನಮಸ್ಕಾರ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಲಕ್ಷದ್ವೀಪದ ಉತ್ತರ ಭಾಗದಲ್ಲಿ, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಕಡೆಗಳಲ್ಲಿ, ಆರೋಗ್ಯ ಶಿಬಿರ ನಡೆಸಬೇಕೆಂದು ನಮಗೆ ಪರಿಚಯವಿರುವ ಕೆಲವು ವೈದ್ಯರು ಸೇರಿ ಸಿದ್ಧತೆ ಮಾಡುತ್ತಿದ್ದಾರೆ. ಔಷಧಿಗಳ ಜವಾಬ್ದಾರಿಯನ್ನು ವಹಿಸಿಕೊಳ್ಳುವಂತೆ ನನ್ನನ್ನು ಕೇಳಿದ್ದಾರೆ. ನಾನು ವೈದ್ಯೆಯಲ್ಲ, ಅಂಗಡಿಯಲ್ಲಿ ನಿಂತು ಚೀಟಿ ಓದಿ ಔಷಧಿ ಕೊಡುವವಳು. ಕನ್ನಡ, ತುಳು, ಮಲಯಾಳ ಮೂರೂ ಬರುತ್ತವೆ ಎಂಬುದೇ ನನ್ನನ್ನು ಕರೆಯಲು ಮುಖ್ಯ ಕಾರಣವೆಂದು ತೋರುತ್ತದೆ.

ಹೋಗುವ ಆಸೆಯಿದೆ, ಮನೆಯವರ ಒಪ್ಪಿಗೆಯೂ ಇದೆ. ಆದರೆ ನಮ್ಮ ಮಾವ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. "ಎರಡು ದಿವಸ ಮಾತ್ರೆ ಹಂಚಿ ನೀವು ಹಡಗು ಹತ್ತಿದ ಮೇಲೆ, ಮೂರನೆಯ ದಿವಸ ಆ ಜನ ಯಾರನ್ನು ಕೇಳಬೇಕು?" ಎಂದರು. ಅಲ್ಲಿ ಕೆಲಸ ಮಾಡಿದವರು, ಇಂತಹ ಶಿಬಿರಗಳನ್ನು ನಡೆಸಿದವರು ಅಥವಾ ಕಂಡವರು ಇಲ್ಲಿದ್ದರೆ ದಯವಿಟ್ಟು ತಿಳಿಸಬೇಕು. ಯಾವ ಔಷಧಿಗಳನ್ನು ಒಯ್ಯಬೇಕು, ಯಾವುದನ್ನು ಒಯ್ಯಬಾರದು ಎಂಬುದು ನನ್ನ ಮುಖ್ಯ ಪ್ರಶ್ನೆ.

ಮಂಜೇಶ್ವರದ ವೈದ್ಯ:

ಮಾವನವರ ಪ್ರಶ್ನೆಯೇ ಮೊದಲ ಪ್ರಶ್ನೆ. ಅದಕ್ಕೆ ಬರುವ ಮುನ್ನ ಕಾಗದಪತ್ರದ ವಿಷಯವನ್ನು ಮುಗಿಸಿಬಿಡುತ್ತೇನೆ. ಲಕ್ಷದ್ವೀಪಕ್ಕೆ ಹೋಗಲು ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಬೇಕು; 1967ರಿಂದ ಅದಕ್ಕಾಗಿಯೇ ಪ್ರತ್ಯೇಕ ನಿಯಮಗಳಿವೆ. ಪ್ರವಾಸಿಗಳಾಗಿ ಪರವಾನಗಿ ಪಡೆದು, ಅಲ್ಲಿಳಿದ ಮೇಲೆ ಶಾಲೆಯ ಜಗಲಿಯಲ್ಲಿ ಸ್ಟೆತಸ್ಕೋಪ್ ಹಿಡಿದು ಕೂರುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡುವುದು ಒಳ್ಳೆಯದು. ಅಲ್ಲಿನ ಆರೋಗ್ಯ ಇಲಾಖೆಯ ಲಿಖಿತ ಒಪ್ಪಿಗೆಯನ್ನು ಪಡೆಯಿರಿ, ತಂಡದ ಪ್ರತಿಯೊಬ್ಬ ವೈದ್ಯರ ನೋಂದಣಿ ಪತ್ರದ ಪ್ರತಿಯನ್ನು ಮುಂಚಿತವಾಗಿ ಕಳುಹಿಸಿರಿ, ಮತ್ತು ಆಯಾ ದ್ವೀಪದ ವೈದ್ಯಾಧಿಕಾರಿಯೊಡನೆ ನೇರವಾಗಿ ಮಾತನಾಡಿರಿ.

ದ್ವೀಪವೆಂದರೆ ವೈದ್ಯರೇ ಇಲ್ಲದ ಜಾಗವೆಂಬ ಕಲ್ಪನೆ ಕೂಡ ತಪ್ಪು. ಕವರತ್ತಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆಯಿದೆ, ಅಗತ್ತಿ ಮತ್ತು ಮಿನಿಕಾಯ್‌ಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ, ಉಳಿದ ಕಡೆಗಳಲ್ಲಿ ಆರೋಗ್ಯ ಕೇಂದ್ರಗಳಿವೆ, ತುರ್ತು ರೋಗಿಗಳನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ವ್ಯವಸ್ಥೆಯೂ ಇದೆ. ಸಾಕ್ಷರತೆ 2011ರ ಜನಗಣತಿಯಲ್ಲೇ ಶೇಕಡ 91ನ್ನು ದಾಟಿತ್ತು. ಕೊರತೆಯಿರುವುದು ತಜ್ಞರದ್ದು. ಅದೇ ಜನಗಣತಿಯ ಪ್ರಕಾರ ಜನವಸತಿಯಿರುವ ಹತ್ತು ದ್ವೀಪಗಳಲ್ಲಿ ಒಟ್ಟು 64,473 ಜನರಿದ್ದರು. ಚೆತ್ಲತ್‌ನಲ್ಲಿ 2,347, ಬಿತ್ರದಲ್ಲಿ ಬರೀ 271. ಅಷ್ಟು ಜನರಿಗಾಗಿ ಒಬ್ಬ ಕಣ್ಣಿನ ತಜ್ಞರನ್ನೋ ಕಿವಿಯ ತಜ್ಞರನ್ನೋ ವರ್ಷವಿಡೀ ಇರಿಸಿಕೊಳ್ಳಲು ಯಾವ ಸರಕಾರಕ್ಕೂ ಆಗುವುದಿಲ್ಲ. ಆದ್ದರಿಂದ ನಿಮ್ಮ ತಂಡದಲ್ಲಿ ಸಾಮಾನ್ಯ ವೈದ್ಯರೇ ತುಂಬಿದ್ದರೆ, ಅಲ್ಲಿ ಈಗಾಗಲೇ ಇರುವವರ ಕೆಲಸವನ್ನೇ ಎರಡು ದಿನ ಮಾಡಿ ಬಂದಂತಾಗುತ್ತದೆ.

ಉಪ್ಪಳದ ಹಳೆಯ ದಕ್ಕೆ ಲೆಕ್ಕಿಗ:

ನಾನು ಮಂಗಳೂರಿನ ಹಳೆ ಬಂದರಿನಲ್ಲಿ ದ್ವೀಪಗಳಿಗೆ ಸರಕು ಕಳುಹಿಸುವ ವ್ಯಾಪಾರಿಯೊಬ್ಬರ ಬಳಿ ಬಹಳ ಕಾಲ ಲೆಕ್ಕ ಬರೆದವನು. ವೈದ್ಯಕೀಯ ನನಗೆ ತಿಳಿಯದು, ಪೆಟ್ಟಿಗೆ ಕಟ್ಟುವುದು ತಿಳಿದಿದೆ. ಜನರನ್ನು ಒಯ್ಯುವ ಹಡಗುಗಳು ಹೆಚ್ಚಾಗಿ ಕೊಚ್ಚಿಯಿಂದ ಹೊರಡುತ್ತವೆ. ಮಂಗಳೂರಿನಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೋಗುವುದು ಮಂಜಿಗಳೆಂಬ ಸರಕು ದೋಣಿಗಳಲ್ಲಿ, ಅದೂ ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಿಂತಿರುತ್ತದೆ. ಭಾರದ ಸಾಮಾನನ್ನು ಮೊದಲೇ ಮಂಜಿಯಲ್ಲಿ ಕಳುಹಿಸುವ ಯೋಚನೆಯಿದ್ದರೆ ತಿಂಗಳ ಮುಂಚೆ ವಿಚಾರಿಸಿರಿ.

ಹೆಚ್ಚಿನ ದ್ವೀಪಗಳ ಸುತ್ತ ಹವಳದ ದಂಡೆಯಿರುವುದರಿಂದ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ, ಅಲ್ಲಿಂದ ಜನರೂ ಸಾಮಾನೂ ಸಣ್ಣ ದೋಣಿಗೆ ಇಳಿಯಬೇಕು. ಹಡಗಿನ ಬಾಗಿಲಲ್ಲಿ ಒಬ್ಬ, ದೋಣಿಯಲ್ಲಿ ಒಬ್ಬ, ನಡುವೆ ಏರಿಳಿಯುವ ನೀರು. ಒಬ್ಬನೇ ಎತ್ತಲಾಗದ ಪೆಟ್ಟಿಗೆ ಅಲ್ಲಿ ಅಪಾಯ. ಔಷಧಿಯನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿ, ಸಂದಿಗೆ ಟೇಪು ಸುತ್ತಿ, ನಾಲ್ಕೂ ಬದಿಯಲ್ಲಿ ದ್ವೀಪದ ಹೆಸರು ಬರೆಯಿರಿ. ರಟ್ಟಿನ ಪೆಟ್ಟಿಗೆ ಕಡಲನೀರಿನ ಒಂದು ಎರಚಲಿಗೇ ಬಿಚ್ಚಿಕೊಳ್ಳುತ್ತದೆ. ಹಡಗಿನ ದಿನಾಂಕ ಬದಲಾಗುವುದು ಸಾಮಾನ್ಯವಾದುದರಿಂದ, ಹಿಂದಿರುಗುವ ದಿನವೇ ಊರಿನಲ್ಲಿ ಮದುವೆ ಇಟ್ಟುಕೊಂಡವರನ್ನು ತಂಡಕ್ಕೆ ಸೇರಿಸಬೇಡಿ. ಕಡಲಿನಲ್ಲಿ ವಾಂತಿಯಾಗದಂತೆ ಮಾತ್ರೆಯನ್ನು ಹಡಗು ಹತ್ತುವ ಮೊದಲೇ ನುಂಗಬೇಕು. ಸೇವೆಗೆ ಬಂದವರೇ ಮೊದಲ ದಿನ ಮಲಗಿಕೊಂಡರೆ ಚೆನ್ನಾಗಿರುವುದಿಲ್ಲ.

ಪಡ್ರೆಯವನು:

ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಇರಾದೆ ನನಗಿಲ್ಲ. ಆದರೆ ಶಿಬಿರವನ್ನು ಮೇಜಿನ ಆಚೆ ಬದಿಯಿಂದ ಕಂಡವರ ಮಾತೂ ಇಲ್ಲಿ ಬರಲಿ. ನಮ್ಮದು ಎಣ್ಮಕಜೆ ಪಂಚಾಯತು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ನಮ್ಮದೂ ಒಂದು. ಆ ಮೇಲೆ ನಮ್ಮಲ್ಲಿಗೆ ಬಾರದ ತಂಡವಿಲ್ಲ. ನನ್ನ ಅಕ್ಕನ ಮಗನಿಗೆ ನಡೆಯಲಾಗುವುದಿಲ್ಲ, ಮಾತೂ ಇಲ್ಲ. ಅವನ ಚೀಟಿಗಳನ್ನೆಲ್ಲ ಅಕ್ಕ ಒಂದು ಜವುಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಡಕೆಯ ಹಿಂದಿನ ಮೊಳೆಗೆ ತೂಗು ಹಾಕಿದ್ದಾಳೆ. ಪ್ರತಿಯೊಂದು ಶಿಬಿರದಲ್ಲಿಯೂ ಹೆಸರು, ವಯಸ್ಸು, ತೂಕ, ಎತ್ತರ ಎಂದು ಮೊದಲಿನಿಂದ ಆರಂಭಿಸುತ್ತಾರೆಯೇ ಹೊರತು ಚೀಲದೊಳಗಿನ ಹಳೆಯ ಚೀಟಿಯನ್ನು ಹೊರತೆಗೆದು ಓದಿದವರು ಕಡಿಮೆ. ಬೆಳಗ್ಗೆ ಎಂಟಕ್ಕೆ ಅವನನ್ನು ಎತ್ತಿಕೊಂಡು ಹೋಗಿ ಮಧ್ಯಾಹ್ನದವರೆಗೆ ಕೂರಿಸಿದ್ದಕ್ಕೆ ದೊರೆತದ್ದು ಅನೇಕ ಸಲ ಒಂದು ಬಾಟಲಿ ಟಾನಿಕ್ಕು ಮತ್ತು ಒಂದು ಫೋಟೋ. ಫೋಟೋ ಅವರಿಗೆ.

ದ್ವೀಪದವರು ಹೀಗೆ ನೊಂದಿದ್ದಾರೆಂದು ನಾನು ಹೇಳಲಾರೆ. ಹೋಗುವವರು ಇದನ್ನು ತಿಳಿದು ಹೋಗಲಿ ಎಂದಷ್ಟೇ ಬರೆದೆ.

ಬದಿಯಡ್ಕದ ಸ್ಟಾಫ್ ನರ್ಸ್:

ಅಣ್ಣಾ, ನೀವು ಬರೆದದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯಲಾರೆ. ನಾನು ಆ ದ್ವೀಪಗಳಲ್ಲೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದವಳಾದ್ದರಿಂದ, ತಂಡವೊಂದು ಬಂದು ಹೋದ ಮೇಲಿನ ವಾರ ಹೇಗಿರುತ್ತದೆಂದು ಕಂಡಿದ್ದೇನೆ.

ಒಬ್ಬ ಅಜ್ಜಿ ನಮ್ಮ ಆರೋಗ್ಯ ಕೇಂದ್ರದಿಂದ ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆಯನ್ನು ಬಿಳಿ ಪಟ್ಟಿಯಲ್ಲಿ ಪಡೆಯುತ್ತಿದ್ದರು. ಶಿಬಿರದವರು ಅದೇ ಆಮ್ಲೋಡಿಪಿನ್ನನ್ನು ಬೇರೊಂದು ಕಂಪನಿಯ ಬಣ್ಣದ ಪಟ್ಟಿಯಲ್ಲಿ ಕೊಟ್ಟರು. ಬಣ್ಣ ಬೇರೆ, ಹೆಸರು ಬೇರೆ. ಆದುದರಿಂದ ಔಷಧಿಯೂ ಬೇರೆಯೆಂದು ತಿಳಿದು ಅಜ್ಜಿ ಎರಡನ್ನೂ ನುಂಗಿದರು. ಕಾಲಿನ ಗಂಟು ಊದಿಕೊಂಡು, ಎದ್ದು ನಿಂತರೆ ತಲೆ ತಿರುಗುತ್ತದೆಂದು ಮೊಮ್ಮಗಳ ಕೈ ಹಿಡಿದು ಬಂದಾಗ ಸೆರಗಿನ ಗಂಟಿನಲ್ಲಿ ಎರಡೂ ಪಟ್ಟಿಗಳು ಇದ್ದವು. ಅವರ ಅದೃಷ್ಟ, ಮೊಮ್ಮಗಳು ಅವನ್ನು ತರಲು ಮರೆತಿರಲಿಲ್ಲ.

ಹಾಗಾಗಿ ಫಾರ್ಮಸಿಸ್ಟ್ ಅಕ್ಕನವರಿಗೆ ನನ್ನ ಉತ್ತರವಿದು. ನಿಮ್ಮ ಪೆಟ್ಟಿಗೆ ತುಂಬುವ ಮೊದಲು ಆ ದ್ವೀಪದ ಆರೋಗ್ಯ ಕೇಂದ್ರದ ದಾಸ್ತಾನಿನ ಪಟ್ಟಿಯನ್ನು ತರಿಸಿಕೊಳ್ಳಿರಿ. ಅಲ್ಲಿ ಮುಂದೆಯೂ ಸಿಗುವ ಔಷಧಿಯನ್ನೇ, ಅದೇ ಪ್ರಮಾಣದಲ್ಲಿ ಕೊಡಿಸಿರಿ. ಕಂಪನಿಯ ಹೆಸರಿಗೆ ಬದಲು ಔಷಧಿಯ ಮೂಲ ಹೆಸರನ್ನೇ ಚೀಟಿಯಲ್ಲಿ ಬಿಡಿಬಿಡಿಯಾಗಿ ಬರೆಯುವಂತೆ ವೈದ್ಯರ ಬೆನ್ನು ಹತ್ತಿರಿ. ನೀವು ಒಯ್ದ ಹೊಸ ಔಷಧಿ ಮುಗಿದ ದಿನ ಆ ರೋಗಿಯ ಚಿಕಿತ್ಸೆಯೂ ಮುಗಿಯುತ್ತದೆ. ಪ್ರತಿಯೊಬ್ಬ ವೈದ್ಯರ ಪಕ್ಕದಲ್ಲಿ ಅಲ್ಲಿನ ಒಬ್ಬ ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಕೂರಿಸಿ, ಬರೆಯುವುದನ್ನು ಅವರ ರಿಜಿಸ್ಟರಿನಲ್ಲಿಯೇ ಬರೆಯಿರಿ. ಯಾವ ಮನೆಯಲ್ಲಿ ಯಾರಿಗೆ ಏನಿದೆಯೆಂದು ಅವರಿಗೆ ಗೊತ್ತಿರುತ್ತದೆ, ಚೀಲದೊಳಗಿನ ಹಳೆಯ ಚೀಟಿಯನ್ನೂ ಅವರೇ ಹೊರತೆಗೆಸುತ್ತಾರೆ.

ಇನ್ನೊಂದು ಮಾತು. ದಿನಾಂಕ ನಿಶ್ಚಯಿಸುವಾಗ ರಂಜಾನ್ ತಿಂಗಳನ್ನು ಬಿಟ್ಟುಬಿಡಿ. ಉಪವಾಸವಿರುವವರಿಗೆ ಹಗಲಿನಲ್ಲಿ ಮಾತ್ರೆ ನುಂಗಿಸಲಾಗುವುದಿಲ್ಲ, ಸಕ್ಕರೆಯ ಪರೀಕ್ಷೆಯ ಲೆಕ್ಕವೂ ಬೇರೆಯಾಗುತ್ತದೆ. ಶುಕ್ರವಾರ ಮಧ್ಯಾಹ್ನ ಯಾರೂ ಬರುವುದಿಲ್ಲ. ಹೆಂಗಸರನ್ನು ನೋಡಲು ವೈದ್ಯೆಯೊಬ್ಬರು ಇಲ್ಲದಿದ್ದರೆ ಅರ್ಧ ಊರೇ ಮನೆಯಲ್ಲಿ ಉಳಿಯುತ್ತದೆ.

ನೀರ್ಚಾಲಿನ ನಿವೃತ್ತ ಮಾಸ್ತರ್:

ಚರ್ಚೆಯ ಜಾಡು ತಪ್ಪಿಸದೆ ಒಂದು ಸಂಗತಿಯನ್ನು ಸೇರಿಸಬಯಸುತ್ತೇನೆ. ಲಕ್ಷದ್ವೀಪವೆಲ್ಲ ಮಲಬಾರಿಗೆ ಸೇರಿತ್ತೆಂದು ಅನೇಕರು ತಿಳಿದಿದ್ದಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ಅಮಿನ್‌ದಿವಿ ದ್ವೀಪಗಳು 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು, ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅವುಗಳ ಆಡಳಿತವನ್ನು ನೋಡುತ್ತಿದ್ದವರು ಮಂಗಳೂರಿನ ಕಲೆಕ್ಟರರು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ದಿನವೇ ಆ ದ್ವೀಪಗಳೂ ಕೇಂದ್ರಾಡಳಿತ ಪ್ರದೇಶವಾದವು. ಒಂದೇ ಜಿಲ್ಲೆಯ ನೆರೆಹೊರೆಯವರಾಗಿದ್ದ ನಮಗೆ ಅವರು ಅಪರಿಚಿತರಲ್ಲ.

ಶಿಬಿರಕ್ಕೆ ಸಂಬಂಧಿಸಿದ್ದೂ ಒಂದಿದೆ. ಅಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿಯಿದೆ. ಅಳಿಯಕಟ್ಟಿನಲ್ಲಿ ಬೆಳೆದ ನಮ್ಮ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಮುದುಕರೊಬ್ಬರನ್ನು ಆಪರೇಶನಿಗೆ ಕೊಚ್ಚಿಗೆ ಕಳುಹಿಸಬೇಕಾದರೆ ಹೆಂಡತಿಯೊಬ್ಬಳನ್ನು ಒಪ್ಪಿಸಿದರೆ ಸಾಲದು, ಅವರ ತಾಯಿಮನೆಯವರನ್ನೂ ಕೂರಿಸಿ ಮಾತನಾಡುವುದು ಲೇಸು. ಭಾಷೆಯ ಮಟ್ಟಿಗೆ ಹೇಳುವುದಾದರೆ, ಈ ಐದು ದ್ವೀಪಗಳ ಜೆಸೆರಿ ಮಾತು ನಮ್ಮ ಮಲಯಾಳ ಬಲ್ಲವರಿಗೆ ಸ್ವಲ್ಪ ಕಿವಿಗೊಟ್ಟರೆ ತಿಳಿಯುತ್ತದೆ. ಮಿನಿಕಾಯ್‌ನವರ ಮಹಲ್ ಮಾತ್ರ ಪೂರಾ ಬೇರೆ.

ಮುಳ್ಳೇರಿಯದ ಹಲ್ಲಿನ ವೈದ್ಯೆ:

ನನ್ನದು ಚಿಕ್ಕ ಮಾತು. ಹಲ್ಲು ಕೀಳುವುದಿದ್ದರೆ ಮೊದಲ ದಿನವೇ ಕೀಳಿರಿ, ಕೊನೆಯ ದಿನ ಬೇಡವೇ ಬೇಡ. ಕಿತ್ತ ಕುಳಿಯಲ್ಲಿ ರಕ್ತದ ಗಡ್ಡೆ ಕಳಚಿಹೋಗಿ ಅಸಾಧ್ಯ ನೋವು ಬರುವುದು ಸಾಮಾನ್ಯವಾಗಿ ಎರಡು ದಿನಗಳ ಬಳಿಕ. ಕೊನೆಯ ದಿನ ಕಿತ್ತರೆ ಆ ಹೊತ್ತಿಗೆ ನೀವು ಹಡಗಿನಲ್ಲಿರುತ್ತೀರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ಹಲ್ಲನ್ನು ದ್ವೀಪದ ವೈದ್ಯಾಧಿಕಾರಿಯನ್ನು ಕೇಳದೆ ಮುಟ್ಟಬೇಡಿ.

ಕಾಸರಗೋಡಿನ ವೈದ್ಯಕೀಯ ವಿದ್ಯಾರ್ಥಿ:

ಹಿರಿಯರಲ್ಲಿ ಒಂದು ವಿನಂತಿ. ನಾನು ಇನ್ನೂ ಕೊನೆಯ ವರ್ಷದಲ್ಲಿದ್ದೇನೆ. ಇಂತಹ ತಂಡದಲ್ಲಿ ಹೋದರೆ ನಮಗೆ ಹೊಲಿಗೆ ಹಾಕುವುದು, ಚಿಕ್ಕಪುಟ್ಟ ಗಾಯಗಳ ಚಿಕಿತ್ಸೆ ಮುಂತಾದುವನ್ನು ಕೈಯಾರೆ ಮಾಡುವ ಅವಕಾಶ ಸಿಗುತ್ತದೆಯೇ? ಕಾಲೇಜಿನಲ್ಲಿ ಸರದಿ ಬರುವುದೇ ಕಷ್ಟ.

ಮಂಜೇಶ್ವರದ ವೈದ್ಯ:

ಇಲ್ಲಪ್ಪ. ಊರಿನಲ್ಲಿ ನಿನಗೆ ಅನುಮತಿಯಿಲ್ಲದ ಕೆಲಸಕ್ಕೆ ಕಡಲು ದಾಟಿದ ಕೂಡಲೇ ಅನುಮತಿ ಹುಟ್ಟುವುದಿಲ್ಲ. ನೋಂದಣಿಯಿಲ್ಲದವರು ರಕ್ತದೊತ್ತಡ ಅಳೆಯಬಹುದು, ರಿಜಿಸ್ಟರ್ ಬರೆಯಬಹುದು, ಸಾಲು ನೋಡಿಕೊಳ್ಳಬಹುದು. ಅಳೆಯುವುದನ್ನಾದರೂ ಸರಿಯಾಗಿ ಅಳೆಯಲು ಕಲಿತುಕೊ: ಬಿಸಿಲಿನಲ್ಲಿ ನಡೆದು ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಇರಿಸಿ, ಮಾತನಾಡಿಸದೆ ಎರಡು ಸಲ ನೋಡಬೇಕು. ಶಿಬಿರದ ಗಲಾಟೆಯಲ್ಲಿ ಒಂದೇ ಸಲ ಅಳೆದ ಅಂಕಿಯನ್ನು ನಂಬಿ ಜೀವನಪೂರ್ತಿಯ ಮಾತ್ರೆ ಆರಂಭಿಸುವುದು ನನಗೆ ಸಮ್ಮತವಲ್ಲ.

ಕಣ್ಣಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ನಡಿಗರಾದ ನಮಗೆ ಶಿಬಿರವೆಂದ ತಕ್ಷಣ ನೆನಪಾಗುವವರು ಡಾ. ಎಂ. ಸಿ. ಮೋದಿಯವರು. ಊರೂರಿಗೆ ಹೋಗಿ ಸಾಮೂಹಿಕವಾಗಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದವರು. ಅವರ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ಶಾಲೆ, ಛತ್ರಗಳಲ್ಲಿ ತಾತ್ಕಾಲಿಕ ಕೊಠಡಿ ಮಾಡಿ ಕಣ್ಣು ಕೊಯ್ಯುವುದನ್ನು ಸೋಂಕಿನ ಭಯದಿಂದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಈಗ ಒಪ್ಪುವುದಿಲ್ಲ. ತಪಾಸಣೆ ಊರಿನಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಎಂಬುದು ಈಗಿನ ಕ್ರಮ. ಆದುದರಿಂದ ಪೊರೆಯಿದೆಯೆಂದು ಚೀಟಿ ಬರೆಯುವ ಮುನ್ನ ಆಸ್ಪತ್ರೆಯ ದಿನಾಂಕ, ಹಡಗಿನ ಟಿಕೇಟು, ಜೊತೆಗೆ ಹೋಗುವವರು ಯಾರೆಂಬುದು, ಉಳಿಯುವ ಜಾಗ, ಇಷ್ಟನ್ನೂ ಗೊತ್ತುಮಾಡಿಕೊಂಡಿರಬೇಕು. ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡವರಿಗೆ ಕೆಲವು ತಾಸು ಮಬ್ಬಾಗಿರುತ್ತದೆ. ಅವರನ್ನು ಒಂಟಿಯಾಗಿ ದಕ್ಕೆಯ ಕಡೆಗೆ ಕಳುಹಿಸಬೇಡಿ.

ಸೀತಾಂಗೋಳಿಯ ಫಾರ್ಮಸಿಸ್ಟ್:

ಡಾಕ್ಟ್ರೇ, ಒಂದು ಸಂಶಯ. ಹೊಸದಾಗಿ ರಕ್ತದೊತ್ತಡ ಕಂಡುಬಂದವರಿಗೆ ಮಾತ್ರೆ ಆರಂಭಿಸಬಾರದೆಂದಿರಿ. ಆದರೆ ಎರಡು ಸಲ ಅಳೆದಾಗಲೂ 200ರ ಮೇಲೆ ಇರುವವರನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆ? ನಮ್ಮ ತಂಡದ ಒಬ್ಬರು ಎಲ್ಲರಿಗೂ ಒಂದು ತಿಂಗಳ ಮಾತ್ರೆ ಕೊಟ್ಟು ಬರೋಣವೆನ್ನುತ್ತಾರೆ. ಮೊಣಕಾಲು ನೋವಿನವರಿಗೆ ಕೊಡಲೆಂದು ನೋವಿನ ಮಾತ್ರೆಗಳೂ ರಾಶಿ ಬಿದ್ದಿವೆ.

ಬದಿಯಡ್ಕದ ಸ್ಟಾಫ್ ನರ್ಸ್:

ಅಷ್ಟು ಏರಿದವರನ್ನು ಬರಿಗೈಯಲ್ಲಿ ಕಳುಹಿಸಬೇಡಿ ಅಕ್ಕ, ಚೀಟಿ ಕೊಟ್ಟೂ ಕಳುಹಿಸಬೇಡಿ. ಒಬ್ಬ ಸ್ವಯಂಸೇವಕರು ಅವರ ಜೊತೆಗೆ ಅದೇ ಹೊತ್ತಿಗೆ ಆರೋಗ್ಯ ಕೇಂದ್ರಕ್ಕೆ ನಡೆದು ಹೋಗಿ, ಅಲ್ಲಿನ ವೈದ್ಯರ ಮುಂದೆ ಕೂರಿಸಿ ಬರಬೇಕು. ದ್ವೀಪಗಳು ದೊಡ್ಡವಲ್ಲ, ಹತ್ತನ್ನೂ ಸೇರಿಸಿ ಲಕ್ಷದ್ವೀಪದ ಒಟ್ಟು ನೆಲವೇ ಸುಮಾರು 32 ಚದರ ಕಿಲೋಮೀಟರು. ಮಾತ್ರೆ ಅಲ್ಲಿಂದಲೇ ಆರಂಭವಾದರೆ ಮುಂದಿನ ತಿಂಗಳು ತೆಗೆದುಕೊಳ್ಳಲು ಅಲ್ಲಿಗೇ ಹೋಗುತ್ತಾರೆ. ನೋವಿನ ಮಾತ್ರೆಯ ರಾಶಿಯನ್ನು ಊರಿನಲ್ಲಿಯೇ ಬಿಟ್ಟುಹೋಗಿರಿ. ರಕ್ತದೊತ್ತಡವಿರುವವರಿಗೂ ಮೂತ್ರಪಿಂಡ ದುರ್ಬಲವಾದವರಿಗೂ ಅದು ಕೇಡು, ಆದರೆ ಶಿಬಿರದಲ್ಲಿ ಜನ ಮೊದಲು ಕೇಳುವುದು ಅದನ್ನೇ.

ಮಂಜೇಶ್ವರದ ವೈದ್ಯ:

ಸಿಸ್ಟರ್ ಹೇಳಿದ್ದು ನನ್ನ ಮಾತಿಗಿಂತ ಸರಿಯಾಗಿದೆ. ಔಷಧಿ ಕಂಪನಿಗಳು ಕೊಟ್ಟ ಮಾದರಿಗಳನ್ನೂ ಅವಧಿ ಮುಗಿಯುತ್ತ ಬಂದವುಗಳನ್ನೂ ತಂಡದವರು ಪೆಟ್ಟಿಗೆಗೆ ತುರುಕದಂತೆ ಫಾರ್ಮಸಿಸ್ಟರು ಗಟ್ಟಿಯಾಗಿ ನಿಲ್ಲಬೇಕು. ತಂಡದಲ್ಲಿ ಆ ಅಧಿಕಾರ ನಿಮ್ಮದೇ ಇರಲಿ.

ತ್ಯಾಜ್ಯದ ವಿಷಯ ಇದುವರೆಗೆ ಯಾರೂ ಎತ್ತಲಿಲ್ಲ. ಹವಳದ ದ್ವೀಪದಲ್ಲಿ ಕುಡಿಯುವ ನೀರೆಂದರೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳು ಪದರ, ಅದೂ ಕೈಗೆಟಕುವಷ್ಟು ಆಳದಲ್ಲಿ. ಅಲ್ಲಿ ಗುಂಡಿ ತೋಡಿ ಸೂಜಿ, ಹತ್ತಿ ಹೂಳುವುದೆಂದರೆ ಬಾವಿಗೇ ಹಾಕಿದಂತೆ. ಸೂಜಿಗಳು ಚುಚ್ಚಿ ಹೊರಬಾರದ ಬಿಳಿ ಡಬ್ಬಕ್ಕೆ, ರಕ್ತ ತಗಲಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೊಳವೆ ಮತ್ತು ಸಿರಿಂಜು ಕೆಂಪಿಗೆ, ಗಾಜು ನೀಲಿಗೆ. 2016ರ ನಿಯಮದ ಈ ವಿಂಗಡಣೆಯನ್ನು ಅಲ್ಲಿಯೇ ಮಾಡಿ, ಆರೋಗ್ಯ ಇಲಾಖೆಯವರು ಬೇರೆ ದಾರಿ ತೋರಿಸದಿದ್ದರೆ ಎಲ್ಲವನ್ನೂ ಅವರ ಅನುಮತಿಯೊಂದಿಗೆ ಹಿಂದಕ್ಕೆ ತನ್ನಿರಿ. ಹೋಗುವಾಗ ಔಷಧಿ ತುಂಬಿದ್ದ ಡಬ್ಬಗಳು ಬರುವಾಗ ಖಾಲಿಯೇ ಇರುತ್ತವೆಯಷ್ಟೆ.

ಕಾಸರಗೋಡಿನ ವೈದ್ಯಕೀಯ ವಿದ್ಯಾರ್ಥಿ:

ಬೈದದ್ದಕ್ಕೆ ಬೇಸರವಿಲ್ಲ ಸರ್. ಪಡ್ರೆಯ ಅಣ್ಣನವರ ಮಾತಿಗೆ ಹೊಂದುವ ಒಂದು ವಿಷಯ ನಾನು ಓದಿದ್ದೆ. ಅಸ್ಸಾಮಿನ ಬ್ರಹ್ಮಪುತ್ರಾ ನದಿಯ ನಡುವಿನ ಮರಳು ದ್ವೀಪಗಳಿಗೆ 2005ರಿಂದ ದೋಣಿ ಆಸ್ಪತ್ರೆಗಳು ಹೋಗುತ್ತಿವೆ. ದಿಬ್ರುಗಢದಲ್ಲಿ ಆರಂಭವಾದ ಮೊದಲ ದೋಣಿಯ ಹೆಸರು ಅಖಾ. ವೈದ್ಯರು, ನರ್ಸು, ಫಾರ್ಮಸಿಸ್ಟ್, ಪ್ರಯೋಗಾಲಯದವರು ಎಲ್ಲರೂ ದೋಣಿಯಲ್ಲಿಯೇ ಇರುತ್ತಾರೆ. ಮುಖ್ಯ ಸಂಗತಿಯೆಂದರೆ ಅವರು ಹೋದ ದ್ವೀಪಕ್ಕೇ ಮತ್ತೆ ಮತ್ತೆ ಹೋಗುತ್ತಾರೆ. ಲಸಿಕೆ ಮತ್ತು ಬಸುರಿಯರ ತಪಾಸಣೆಯಂತಹ ಕೆಲಸ ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲವಲ್ಲ. ನಮ್ಮ ತಂಡಗಳಿಗೆ ಮತ್ತೆ ಮತ್ತೆ ಕಡಲು ದಾಟುವುದು ಸಾಧ್ಯವಾಗದಿದ್ದರೆ ಇ-ಸಂಜೀವನಿಯಂತಹ ದೂರವೈದ್ಯಕೀಯದ ಮೂಲಕವಾದರೂ ಅದೇ ರೋಗಿಗಳನ್ನು ಅದೇ ತಜ್ಞರು ನೋಡುವಂತೆ ಮಾಡಬಹುದೇನೋ.

ಪಡ್ರೆಯವನು:

ಆಗಬಹುದು. ತಮ್ಮ, ನೀನು ದೊಡ್ಡ ವೈದ್ಯನಾದ ಮೇಲೆ ಅದನ್ನು ಮರೆಯದಿದ್ದರೆ ಸಂತೋಷ. ನಮ್ಮಲ್ಲಿಯೂ ಕೊನೆಗೆ ಉಪಕಾರವಾದದ್ದು ತಿಂಗಳಿಗೊಮ್ಮೆ ತಪ್ಪದೆ ಮನೆಗೆ ಬರುವ ಉಪಶಾಮಕ ಆರೈಕೆಯ ನರ್ಸಿನಿಂದ. ಅವರು ಬಂದರೆ ಅಕ್ಕ ಚೀಲವನ್ನು ಕೆಳಗಿಳಿಸುವುದೇ ಇಲ್ಲ, ಎಲ್ಲವೂ ಅವರ ಬಾಯಲ್ಲಿದೆ.

2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣಕ್ಕೆ ಕರ್ನಾಟಕದ ತಲಪಾಡಿ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ಜಿಲ್ಲೆಯವರಲ್ಲಿ ಕೆಲವರು ದಾರಿಯಲ್ಲಿಯೇ ತೀರಿಕೊಂಡರು. ಆಸ್ಪತ್ರೆ ಆಚೆ ದಡದಲ್ಲಿರುವವರ ಕಷ್ಟ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದುದರಿಂದ ಫಾರ್ಮಸಿಸ್ಟ್ ಅಕ್ಕ ಹೋಗಿ ಬರಲಿ ಎಂದೇ ನನ್ನ ಅಭಿಪ್ರಾಯ. ಫೋಟೋ ಮಾತ್ರ ಬೇಡ.

ಸೀತಾಂಗೋಳಿಯ ಫಾರ್ಮಸಿಸ್ಟ್:

ನಿಮ್ಮೆಲ್ಲರ ಮಾತುಗಳನ್ನು ಬರೆದುಕೊಂಡು ತಂಡದ ಸಭೆಯಲ್ಲಿ ಓದಿ ಹೇಳಿದೆ. ಒಂದಿಬ್ಬರಿಗೆ ಹಿಡಿಸಲಿಲ್ಲ. ಆದರೂ ದ್ವೀಪದ ಆರೋಗ್ಯ ಕೇಂದ್ರಗಳಿಗೆ ಬರೆದು, ನಿಮಗೆ ಬೇಕಾದುದು ಏನೆಂದು ಕೇಳಿದೆವು. ಬಂದ ಉತ್ತರದಲ್ಲಿ ಮಾತ್ರೆಗಳ ಹೆಸರೇ ಇರಲಿಲ್ಲ. ಕಣ್ಣಿನವರು, ಕಿವಿಯವರು, ಸ್ತ್ರೀರೋಗ ತಜ್ಞೆ, ಈ ಮೂವರು ಬಂದರೆ ಸಾಕು, ಸಾಮಾನ್ಯ ವೈದ್ಯರು ಬೇಡ ಎಂದಿದ್ದಾರೆ. ಹಾಗಾಗಿ ತಂಡ ಚಿಕ್ಕದಾಗಿದೆ, ದ್ವೀಪಗಳೂ ಎರಡಕ್ಕಿಳಿದಿವೆ, ಮುಂದಿನ ಹಂಗಾಮಿನಲ್ಲಿ ಅದೇ ಎರಡು ದ್ವೀಪಗಳಿಗೆ ಮತ್ತೆ ಹೋಗುವುದೆಂದು ನಿಶ್ಚಯವಾಗಿದೆ. ನನ್ನ ಔಷಧಿ ಪೆಟ್ಟಿಗೆ ಅರ್ಧಕ್ಕಿಂತ ಕಡಿಮೆಯಾಯಿತು. ಈಗ ನನಗೆ ವಹಿಸಿರುವುದು ರಿಜಿಸ್ಟರ್ ಮತ್ತು ಕನ್ನಡಕ. ನಲವತ್ತು ದಾಟಿದವರಿಗೆ ಓದಲು, ಬಲೆ ಹೆಣೆಯಲು, ಸೂಜಿಗೆ ದಾರ ಪೋಣಿಸಲು ಬೇಕಾಗುವ ಸಿದ್ಧ ಚಾಳೀಸುಗಳನ್ನು ಒಯ್ದರೆ ಅಲ್ಲಿಯೇ ಕೊಟ್ಟು ಬರಬಹುದೆಂದು ಕಣ್ಣಿನ ವೈದ್ಯರು ಹೇಳಿದ್ದಾರೆ. ಯಾವ ಪವರಿನವು ಹೆಚ್ಚು ಬೇಕಾಗುತ್ತವೆ ಎಂದು ಬಲ್ಲವರು ತಿಳಿಸಬೇಕು.

ಬದಿಯಡ್ಕದ ಸ್ಟಾಫ್ ನರ್ಸ್:

+1.00ರಿಂದ +3.00ರವರೆಗೆ ಎಲ್ಲವೂ ಇರಲಿ, ನಡುವಿನವು ಹೆಚ್ಚಿರಲಿ, ಏಕೆಂದರೆ ಐವತ್ತರ ಆಸುಪಾಸಿನವರೇ ಹೆಚ್ಚು ಬರುತ್ತಾರೆ. ಕಬ್ಬಿಣದ ಚೌಕಟ್ಟಿನವನ್ನು ಕೊಳ್ಳಬೇಡಿ. ಉಪ್ಪು ಗಾಳಿಗೆ ತಿರುಪು ತುಕ್ಕು ಹಿಡಿದು ಕಾಲು ಕಳಚುತ್ತದೆ. ಪ್ಲಾಸ್ಟಿಕ್ಕಿನದೇ ಸಾಕು. ಕೊಡುವಾಗ ಕೈಗೆ ಪತ್ರಿಕೆ ಕೊಡುವುದರ ಜೊತೆಗೆ ಸೂಜಿ ದಾರವನ್ನೂ ಕೊಟ್ಟು ನೋಡಿರಿ, ಯಾವ ಪವರ್ ಹೊಂದುತ್ತದೆಂದು ಅವರೇ ಹೇಳುತ್ತಾರೆ. ಸಕ್ಕರೆ ಪರೀಕ್ಷೆಯ ಪಟ್ಟಿಗಳನ್ನು ಒಯ್ಯುವುದಿದ್ದರೆ ಒಂದನ್ನು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಬೇಕು, ಅಲ್ಲಿನ ತೇವಕ್ಕೆ ಅವು ಬೇಗ ಕೆಟ್ಟು ತಪ್ಪು ಅಂಕಿ ತೋರಿಸುತ್ತವೆ. ಉಳಿದ ಚಾಳೀಸುಗಳನ್ನು ಹಿಂದಕ್ಕೆ ತರಬೇಡಿ, ಪವರಿನ ಪ್ರಕಾರ ಚೀಟಿ ಅಂಟಿಸಿ ಅಲ್ಲಿನ ಆಶಾ ಕಾರ್ಯಕರ್ತೆಯ ಕೈಗೆ ಲೆಕ್ಕ ಒಪ್ಪಿಸಿ ಬನ್ನಿ.